ಗಾಡಿ ನಮ್ಮದು, ಎತ್ತು ಯಾರದು? ಮಾರುತ್‌ನಿಂದ ತೇಜಸ್‌ವರೆಗೆ ಒಂದು ಎಂಜಿನ್‌ ಕಥೆ

(ಪಾಡ್‌ಕಾಸ್ಟ್‌ ಸಂಚಿಕೆಯ ಅಕ್ಷರ ರೂಪ)



ಬೆಂಗಳೂರಿನವರಿಗೆ ಮೊದಲು ಒಂದು ಪ್ರಶ್ನೆ. ಬೈಯಪ್ಪನಹಳ್ಳಿ ಕಡೆಯಿಂದ ಎಚ್‌ಎಎಲ್‌ ಕಡೆಗೆ ಹೋಗುವಾಗ ಸುರಂಜನ್‌ ದಾಸ್‌ ರಸ್ತೆ ಅಂತ ಒಂದು ರಸ್ತೆ ಸಿಗುತ್ತೆ. ಸಂಜೆ ಹೊತ್ತು ಮ್ಯಾಪ್‌ನಲ್ಲಿ ಕೆಂಪಗೆ ಕಾಣುತ್ತಲ್ಲ, ಅದೇ. ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ಕೂತಿದ್ದಾಗ, ಯಾರಪ್ಪ ಈ ಸುರಂಜನ್‌ ದಾಸ್‌ ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ?

ಅವರು ವಾಯುಪಡೆಯ ಪೈಲಟ್‌. 1961ರ ಜೂನ್‌ 17ರಂದು ಇದೇ ಬೆಂಗಳೂರಿನ ಎಚ್‌ಎಎಲ್‌ ರನ್‌ವೇಯಿಂದ, ಭಾರತದಲ್ಲಿ ವಿನ್ಯಾಸಗೊಂಡ ಮೊದಲ ಜೆಟ್‌ ಯುದ್ಧವಿಮಾನವನ್ನು ಆಕಾಶಕ್ಕೆ ಏರಿಸಿದವರು. ಅದರ ಹೆಸರು ಎಚ್‌ಎಫ್‌-24 ಮಾರುತ್‌. ಒಂಬತ್ತು ವರ್ಷಗಳಾಗುವ ಮೊದಲೇ, 1970ರ ಜನವರಿ 10ರಂದು, ಅದೇ ಮಾರುತ್‌ನ ಇನ್ನೊಂದು ಮಾದರಿಯನ್ನು ಹಾರಿಸಲು ಹೋಗಿ, ಇದೇ ಊರಿನಲ್ಲಿ ಪ್ರಾಣ ಬಿಟ್ಟರು.

ಅವತ್ತು ಅವರು ಪರೀಕ್ಷಿಸುತ್ತಿದ್ದದ್ದು ಏನನ್ನು ಗೊತ್ತಾ? ಎಂಜಿನ್‌ಗೆ ಹೆಚ್ಚಿನ ಶಕ್ತಿ ಕೊಡುವ ಒಂದು ಪ್ರಯತ್ನವನ್ನು. ಐವತ್ತೈದು ವರ್ಷಕ್ಕೂ ಹೆಚ್ಚು ಕಾಲ ಕಳೆದಿದೆ. ನಮ್ಮ ವಾಯುಪಡೆ ಇವತ್ತಿಗೂ ಅದೇ ಪ್ರಶ್ನೆಯ ಮುಂದೆ ನಿಂತಿದೆ: ಎಂಜಿನ್‌ ಎಲ್ಲಿ?

29 ಅಂದ್ರೆ ಎಷ್ಟು?

2025ರ ಸೆಪ್ಟೆಂಬರ್‌ 26. ಚಂಡೀಗಡದ ವಾಯುನೆಲೆ. ಅರವತ್ತೆರಡು ವರ್ಷ ಸೇವೆ ಮಾಡಿದ ಮಿಗ್‌-21 ವಿಮಾನಗಳಿಗೆ ಬೀಳ್ಕೊಡುಗೆ. 1963ರಲ್ಲಿ ಅವು ಮೊದಲು ಬಂದಿಳಿದದ್ದೂ ಚಂಡೀಗಡಕ್ಕೇ. ಆ ದಿನದ ವಿಡಿಯೊಗಳನ್ನು ನೀವು ನೋಡಿರ್ತೀರಿ. ವಾಟರ್‌ ಸಲ್ಯೂಟ್‌, ನಿವೃತ್ತ ಪೈಲಟ್‌ಗಳ ಒದ್ದೆ ಕಣ್ಣು, ಎಲ್ಲ ಇತ್ತು. ಆದರೆ ಆ ಸಂಜೆ ವಾಯುಪಡೆಯ ಲೆಕ್ಕದ ಪುಸ್ತಕದಲ್ಲಿ ಉಳಿದ ಅಂಕಿ 29.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ಯುದ್ಧವಿಮಾನಗಳನ್ನು ವಾಯುಪಡೆ ಸ್ಕ್ವಾಡ್ರನ್‌ಗಳಲ್ಲಿ ಎಣಿಸುತ್ತದೆ. ಒಂದು ಸ್ಕ್ವಾಡ್ರನ್‌ನಲ್ಲಿ ಸಾಮಾನ್ಯವಾಗಿ 16ರಿಂದ 18 ವಿಮಾನ. ಚೀನಾ, ಪಾಕಿಸ್ತಾನ ಎರಡೂ ಗಡಿಗಳನ್ನು ಒಟ್ಟಿಗೇ ಕಾಯಬೇಕು ಅಂದರೆ 42 ಸ್ಕ್ವಾಡ್ರನ್‌ ಬೇಕು ಅಂತ ಸರ್ಕಾರವೇ ಒಪ್ಪಿ ಮಂಜೂರು ಮಾಡಿದೆ. ಈಗ ಇರೋದು 29. ಅಂದರೆ 13 ಸ್ಕ್ವಾಡ್ರನ್‌ ಕೊರತೆ. ವಿಮಾನದ ಲೆಕ್ಕದಲ್ಲಿ ಇನ್ನೂರಕ್ಕೂ ಹೆಚ್ಚು.

ಉಳಿದಿರುವ 29ರಲ್ಲಿ ಏನೇನಿದೆ? ದೊಡ್ಡ ಪಾಲು ಸುಖೋಯ್‌-30 ಎಂಕೆಐ, ಸುಮಾರು 260. ಆಮೇಲೆ 36 ರಫೇಲ್‌. 80ರ ದಶಕದಲ್ಲಿ ಬಂದ ಮಿರಾಜ್‌-2000 ಮತ್ತು ಮಿಗ್‌-29. ಅದಕ್ಕೂ ಮೊದಲು, 1979ರಿಂದ ಬರತೊಡಗಿದ ಜಾಗ್ವಾರ್‌. ಜಗತ್ತಿನಲ್ಲಿ ಬೇರೆ ಯಾವ ದೇಶವೂ ಈಗ ಜಾಗ್ವಾರ್‌ ಹಾರಿಸುತ್ತಿಲ್ಲ, ನಾವು ಮಾತ್ರ. ಕೊನೆಗೆ ನಮ್ಮದೇ ತೇಜಸ್‌, ಎರಡು ಸ್ಕ್ವಾಡ್ರನ್‌.

ಈಗ ಇದೇ ಪಟ್ಟಿಯನ್ನು ಎಂಜಿನ್‌ ಇಟ್ಟುಕೊಂಡು ಓದಿ ನೋಡಿ. ಸುಖೋಯ್‌ ಎಂಜಿನ್‌ ರಷ್ಯಾದ್ದು. ಮಿಗ್‌-29ದೂ ರಷ್ಯಾದ್ದು. ರಫೇಲ್‌, ಮಿರಾಜ್‌ ಎರಡಕ್ಕೂ ಫ್ರಾನ್ಸ್‌ ಎಂಜಿನ್‌. ಜಾಗ್ವಾರ್‌ಗೆ ಬ್ರಿಟನ್‌ ಮತ್ತು ಫ್ರಾನ್ಸ್‌ ಸೇರಿ ಮಾಡಿದ ಎಂಜಿನ್‌. ಮತ್ತೆ ತೇಜಸ್‌? ಅಮೆರಿಕದ್ದು. ನಾಲ್ಕು ದೇಶಗಳ ಎಂಜಿನ್‌ ಇದೆ. ನಾವೇ ವಿನ್ಯಾಸ ಮಾಡಿದ್ದು ಒಂದೂ ಇಲ್ಲ.

ಹಳ್ಳಿ ಕಡೆಯವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಗಾಡಿ ನಮ್ಮದೇ ಇರಬಹುದು. ಎತ್ತು ಪಕ್ಕದೂರಿನದಾದರೆ, ನಾವು ಜಾತ್ರೆಗೆ ಯಾವಾಗ ಹೊರಡಬೇಕು ಅನ್ನೋದನ್ನು ಎತ್ತಿನ ಯಜಮಾನ ತೀರ್ಮಾನ ಮಾಡ್ತಾನೆ.

ಎರಡು ಪುಟ್ಟ ಎಂಜಿನ್‌, ಒಂದು ದೊಡ್ಡ ಕನಸು

ಈ ಕಥೆ ಬೆಂಗಳೂರಲ್ಲೇ ಶುರುವಾಗುತ್ತೆ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲಚಂದ್‌ ಹೀರಾಚಂದ್‌ ಇಲ್ಲಿ ಹಿಂದೂಸ್ತಾನ್‌ ಏರ್‌ಕ್ರಾಫ್ಟ್‌ ಕಂಪನಿ ಕಟ್ಟಿದರು. ಮೈಸೂರು ಸಂಸ್ಥಾನ ಜಾಗ ಕೊಟ್ಟು, ಬಂಡವಾಳದಲ್ಲೂ ಪಾಲು ಹಾಕಿತು. ಇವತ್ತಿನ ಎಚ್‌ಎಎಲ್‌ನ ಬೇರು ಅದೇ. 1951ರಲ್ಲಿ ವಿ.ಎಂ. ಘಾಟಗೆ ಅವರ ತಂಡ ಇಲ್ಲೇ ಎಚ್‌ಟಿ-2 ಅನ್ನುವ ತರಬೇತಿ ವಿಮಾನವನ್ನು ವಿನ್ಯಾಸ ಮಾಡಿ ಹಾರಿಸಿತ್ತು.

ಆಮೇಲೆ ಆಸೆ ದೊಡ್ಡದಾಯಿತು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುವ ಯುದ್ಧವಿಮಾನ ಬೇಕು ಅಂತ ವಾಯುಪಡೆ ಕೇಳಿತು. ಅದಕ್ಕಾಗಿ 1956ರಲ್ಲಿ ಜರ್ಮನಿಯ ಕುರ್ಟ್‌ ಟ್ಯಾಂಕ್‌ ಬೆಂಗಳೂರಿಗೆ ಬಂದರು. ಎರಡನೇ ಮಹಾಯುದ್ಧದ ಪ್ರಸಿದ್ಧ ಫೋಕೆ-ವುಲ್ಫ್‌ 190 ವಿಮಾನದ ವಿನ್ಯಾಸಕಾರ ಇವರೇ. ತಂಡ ಮೊದಲು ಮರದಲ್ಲಿ ಪೂರ್ಣ ಗಾತ್ರದ ಗ್ಲೈಡರ್‌ ಮಾಡಿ, 1959ರಲ್ಲಿ ಅದನ್ನು ಹಾರಿಸಿ ಪರೀಕ್ಷಿಸಿತು. ಎರಡು ವರ್ಷದಲ್ಲಿ ನಿಜವಾದ ವಿಮಾನ ರೆಡಿ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದು ಮಾರುತ್‌ ಇದೆ. ಸ್ಕೂಲ್‌ ಟ್ರಿಪ್‌ನಲ್ಲಿ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದರೆ ನೆನಪಿಸಿಕೊಳ್ಳಿ. ಎಷ್ಟು ಚೂಪಾದ, ಚೆಂದದ ಮೈಕಟ್ಟು!

ಆದರೆ ಆ ಮೈಕಟ್ಟಿಗೆ ತಕ್ಕ ಎಂಜಿನ್‌ ಬರಲೇ ಇಲ್ಲ. ಮಾರುತ್‌ ವಿನ್ಯಾಸವಾದದ್ದು ಬ್ರಿಟನ್‌ನ ಆರ್ಫಿಯಸ್‌ 12 ಅನ್ನುವ, ಆಗ ಇನ್ನೂ ತಯಾರಾಗುತ್ತಿದ್ದ ಎಂಜಿನ್‌ ನಂಬಿಕೊಂಡು. ಆ ಎಂಜಿನ್‌ಗೆ ಬೇರೆ ಗಿರಾಕಿಗಳು ಸಿಗಲಿಲ್ಲ. ಪೂರ್ತಿ ಅಭಿವೃದ್ಧಿ ಮಾಡಬೇಕಾದರೆ ಭಾರತ ಹಣ ಹಾಕಲಿ ಅಂದರು. ಭಾರತ ಹಾಕಲಿಲ್ಲ. ಆರ್ಫಿಯಸ್‌ 12 ಅಲ್ಲಿಗೇ ನಿಂತುಹೋಯಿತು.

ಆಗ ಕೈಗೆ ಸಿಕ್ಕಿದ್ದು ಆರ್ಫಿಯಸ್‌ 703. ನ್ಯಾಟ್‌ ಅನ್ನುವ ಪುಟ್ಟ ವಿಮಾನಕ್ಕಾಗಿ ಎಚ್‌ಎಎಲ್‌ ಆರ್ಫಿಯಸ್‌ ಎಂಜಿನ್‌ಗಳನ್ನು ಪರವಾನಗಿ ಮೇಲೆ ತಯಾರಿಸುತ್ತಿತ್ತು. ಅದೇ ಕುಟುಂಬದ ಎರಡನ್ನು ಮಾರುತ್‌ಗೆ ಕೂರಿಸಿದರು. ಒಂದೊಂದರ ಥ್ರಸ್ಟ್‌, ಅಂದರೆ ತಳ್ಳುವ ಬಲ, ಸುಮಾರು 2,200 ಕೆ.ಜಿ. ಶಬ್ದದ ಎರಡು ಪಟ್ಟು ವೇಗಕ್ಕೆ ಹುಟ್ಟಿದ ವಿಮಾನ ಶಬ್ದದ ವೇಗವನ್ನು ಮುಟ್ಟಲಿಕ್ಕೇ ಏದುಸಿರು ಬಿಡುವಂತಾಯಿತು.

ಪ್ರಯತ್ನ ನಿಲ್ಲಲಿಲ್ಲ. ಈಜಿಪ್ಟ್‌ ಆಗ ಇ-300 ಅನ್ನುವ ಎಂಜಿನ್‌ ಮಾಡುತ್ತಿತ್ತು. ಒಂದು ಮಾರುತ್‌ ಅನ್ನು ಅಲ್ಲಿಗೇ ಕಳಿಸಿ ಪರೀಕ್ಷೆ ನಡೆಸಿದರು. 1967ರ ಯುದ್ಧದ ನಂತರ ಈಜಿಪ್ಟ್‌ನ ಆ ಯೋಜನೆಯೂ ಮುಚ್ಚಿಹೋಯಿತು. ಕೊನೆಗೆ, ಇದ್ದ ಎಂಜಿನ್‌ಗೇ ಆಫ್ಟರ್‌ಬರ್ನರ್‌ ಜೋಡಿಸಿ ಬಲ ಹೆಚ್ಚಿಸೋಣ ಅಂತ ಬೆಂಗಳೂರಿನಲ್ಲೇ ಕೆಲಸ ನಡೆಯಿತು. ಆಫ್ಟರ್‌ಬರ್ನರ್‌ ಅಂದರೆ, ಎಂಜಿನ್‌ ಹಿಂದೆ ಹೊರಬರುವ ಬಿಸಿ ಗಾಳಿಗೆ ಮತ್ತೆ ಇಂಧನ ಸುರಿದು ಉರಿಸೋದು. ಆ ಮಾದರಿಯನ್ನು ಹಾರಿಸುವಾಗಲೇ ಸುರಂಜನ್‌ ದಾಸ್‌ ತೀರಿಕೊಂಡದ್ದು.

ಇಷ್ಟಾದ ಮೇಲೂ ಮಾರುತ್‌ ಕೈಲಾಗದ ವಿಮಾನ ಆಗಿರಲಿಲ್ಲ. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲಕ್ಕೆ ತಾಗುವಷ್ಟು ಕೆಳಗೆ ಹಾರಿ ದಾಳಿ ಮಾಡಿತು. ಒಂದು ಎಂಜಿನ್‌ ಕೆಟ್ಟರೂ ಇನ್ನೊಂದರ ಮೇಲೆ ವಾಪಸ್‌ ಬಂದ ಉದಾಹರಣೆಗಳಿವೆ. ಸ್ಕ್ವಾಡ್ರನ್‌ ಲೀಡರ್‌ ಕೆ.ಕೆ. ಬಕ್ಷಿ ಇದೇ ಮಾರುತ್‌ನಿಂದ ಪಾಕಿಸ್ತಾನದ ಸೇಬರ್‌ ಒಂದನ್ನು ಹೊಡೆದು ಉರುಳಿಸಿದರು. ಒಟ್ಟು 147 ಮಾರುತ್‌ ತಯಾರಾದವು. 1990ರ ಹೊತ್ತಿಗೆ ಎಲ್ಲವೂ ನಿವೃತ್ತಿ.

ಆದರೆ ದೊಡ್ಡ ನಷ್ಟ ಬೇರೆ. ಮಾರುತ್‌ ನಂತರ ಅದರ ತಮ್ಮ ಅಂತ ಇನ್ನೊಂದು ವಿಮಾನ ಬರಲಿಲ್ಲ. ಮಾರುತ್‌ ಮಾಡಿ ಕಲಿತವರು ನಿವೃತ್ತರಾದರು. ಅವರ ಕೈಕೆಳಗೆ ಕಲಿಯಬೇಕಿದ್ದವರಿಗೆ ಕಲಿಯಲು ವಿಮಾನವೇ ಇರಲಿಲ್ಲ.

ಪರವಾನಗಿ ಇದ್ದರೆ ವಿದ್ಯೆ ಬಂದ ಹಾಗೇನಾ?

ನೀವು ಕೇಳಬಹುದು: ಮಿಗ್‌-21 ಅನ್ನು ನಾವೇ ತಯಾರಿಸಿದ್ದೆವಲ್ಲ? ಹೌದು. ನಾಸಿಕ್‌ನಲ್ಲಿ ವಿಮಾನ, ಒಡಿಶಾದ ಕೋರಾಪುಟ್‌ನಲ್ಲಿ ಅದರ ಎಂಜಿನ್‌. ನಾವು ಬಳಸಿದ 870ಕ್ಕೂ ಹೆಚ್ಚು ಮಿಗ್‌-21ಗಳಲ್ಲಿ 600ಕ್ಕೂ ಹೆಚ್ಚು ಇಲ್ಲೇ ತಯಾರಾದವು. ಸುಖೋಯ್‌ ಎಂಜಿನ್‌ ಕೂಡ ಈಗ ಕೋರಾಪುಟ್‌ನಲ್ಲೇ ತಯಾರಾಗುತ್ತದೆ.

ಆದರೆ ಇದು ಅಂಗಡಿಯಿಂದ ಸಾರಿನ ಪುಡಿ ತಂದು ಸಾರು ಮಾಡಿದ ಹಾಗೆ. ಸಾರು ಚೆನ್ನಾಗೇ ಇರುತ್ತೆ. ಆದರೆ ಪುಡಿಗೆ ಯಾವುದು ಎಷ್ಟು, ಯಾವುದನ್ನು ಎಷ್ಟು ಹುರಿಯಬೇಕು ಅನ್ನೋದು ನಮಗೆ ಗೊತ್ತಾಗಲ್ಲ. ಅಂಗಡಿ ಮುಚ್ಚಿದ ದಿನ ಗೊತ್ತಾಗುತ್ತೆ ನಮ್ಮ ಅಡುಗೆಮನೆಯ ಪರಿಸ್ಥಿತಿ.

ಎಂಜಿನ್‌ ಯಾರದೋ ಅವರದೇ ಮಾತು ಅನ್ನೋದಕ್ಕೆ 1978ರ ಒಂದು ಘಟನೆ ಇದೆ. ಆಗ ಭಾರತ ಸ್ವೀಡನ್‌ನ ವಿಗ್ಗೆನ್‌ ಯುದ್ಧವಿಮಾನವನ್ನು ಪರಿಶೀಲಿಸುತ್ತಿತ್ತು. ಸ್ವೀಡನ್‌ಗೆ ಮಾರುವ ಮನಸ್ಸಿತ್ತು. ಆದರೆ ವಿಗ್ಗೆನ್‌ ಎಂಜಿನ್‌ನ ಮೂಲ ಅಮೆರಿಕದ್ದು. ಅಮೆರಿಕ ಒಪ್ಪಿಗೆ ಕೊಡಲಿಲ್ಲ. ವ್ಯಾಪಾರ ಮುರಿದುಬಿತ್ತು. ನಾವು ತೆಗೆದುಕೊಂಡದ್ದು ಜಾಗ್ವಾರ್‌.

ಆ ಜಾಗ್ವಾರ್‌ನದೂ ಇವತ್ತು ಎಂಜಿನ್‌ ಸಮಸ್ಯೆಯೇ. ಅದರ ಹಳೇ ಎಂಜಿನ್‌ಗೆ ಬಲ ಸಾಲದು, ಅಮೆರಿಕದ ಹನಿವೆಲ್‌ ಎಂಜಿನ್‌ ಹಾಕೋಣ ಅಂತ ವರ್ಷಗಟ್ಟಲೆ ಚರ್ಚೆ ನಡೆದು, ದುಬಾರಿ ಅಂತ 2019ರಲ್ಲಿ ಕೈಬಿಟ್ಟರು. 2025 ಒಂದೇ ವರ್ಷದಲ್ಲಿ ಮೂರು ಜಾಗ್ವಾರ್‌ ಬಿದ್ದವು. ಮೂವರು ಪೈಲಟ್‌ಗಳನ್ನು ಕಳೆದುಕೊಂಡೆವು.

ಹೊಸದು ಬರೋದು ತಡವಾದರೆ ಹಳೇದನ್ನೇ ಹಾರಿಸಬೇಕು. ಆಧುನೀಕರಣ ಅನ್ನುವ ದೊಡ್ಡ ಪದದ ಒಳಗಿನ ಸತ್ಯ ಇಷ್ಟೇ. 2012ರಲ್ಲಿ ಆಗಿನ ರಕ್ಷಣಾ ಸಚಿವ ಎ.ಕೆ. ಆಂಟನಿ ರಾಜ್ಯಸಭೆಗೆ ಕೊಟ್ಟ ಲೆಕ್ಕ ಕೇಳಿ: 872 ಮಿಗ್‌ ವಿಮಾನಗಳ ಪೈಕಿ 482 ಅಪಘಾತಕ್ಕೀಡಾಗಿದ್ದವು. ಸತ್ತ ಪೈಲಟ್‌ಗಳು 171. ನಾಗರಿಕರು 39.

ಎಲ್ಲಕ್ಕೂ ವಿಮಾನವೇ ಕಾರಣ ಅಲ್ಲ. ಎಷ್ಟೋ ವರ್ಷ ನಮ್ಮ ಹುಡುಗರು ನಿಧಾನವಾಗಿ ಹಾರುವ ಕಿರಣ್‌ನಂಥ ತರಬೇತಿ ವಿಮಾನದಿಂದ ಇಳಿದು, ಬಹುಬೇಗ ಅತಿವೇಗದ ಮಿಗ್‌-21 ಹತ್ತಬೇಕಿತ್ತು. ನಡುವೆ ಒಂದು ಮೆಟ್ಟಿಲು ಬೇಕು, ಸುಧಾರಿತ ಜೆಟ್‌ ತರಬೇತಿ ವಿಮಾನ ತನ್ನಿ ಅಂತ 80ರ ದಶಕದಲ್ಲೇ ಶಿಫಾರಸು ಆಗಿತ್ತು. ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ. ಹಾಕ್‌ ವಿಮಾನಗಳು ನಮ್ಮ ಬೀದರ್‌ ವಾಯುನೆಲೆಯಲ್ಲಿ ಸೇವೆಗೆ ಸೇರಿದ್ದು 2008ರಲ್ಲಿ. ಬೀದರ್‌ ಕೋಟೆ ನೋಡಲು ಹೋದವರಿಗೆ ಮೇಲೆ ಕೇಳಿಸುವ ಸದ್ದು ಅದೇ. ಆ ಸದ್ದು ಇಪ್ಪತ್ತು ವರ್ಷ ತಡವಾಗಿ ಬಂತು.

ಎಂಜಿನ್‌ ಮಾಡೋದು ಯಾಕಿಷ್ಟು ಕಷ್ಟ?

ಚಂದ್ರನ ಮೇಲೆ ಇಳಿದವರು ನಾವು. ಒಂದು ಜೆಟ್‌ ಎಂಜಿನ್‌ ಮಾಡೋಕೆ ಆಗಲ್ವಾ? ಈ ಪ್ರಶ್ನೆ ಎಲ್ಲರೂ ಕೇಳ್ತಾರೆ.

ರಾಕೆಟ್‌ ಎಂಜಿನ್‌ ಕೆಲವು ನಿಮಿಷ ಉರಿದರೆ ಅದರ ಕೆಲಸ ಮುಗೀತು. ಫೈಟರ್‌ ಎಂಜಿನ್‌ ಸಾವಿರಾರು ಗಂಟೆ ಉರಿಯಬೇಕು. ಅದೂ ಒಂದೇ ಹದದಲ್ಲಲ್ಲ. ಪೈಲಟ್‌ ಒಂದು ಕ್ಷಣ ಪೂರ್ತಿ ಬಲ ಕೇಳ್ತಾನೆ, ಮರುಕ್ಷಣ ತಗ್ಗಿಸ್ತಾನೆ, ವಿಮಾನವನ್ನು ತಲೆಕೆಳಗು ಮಾಡ್ತಾನೆ. ಒಳಗಿನ ಟರ್ಬೈನ್‌ ಬ್ಲೇಡ್‌ಗಳಿಗೆ ಬಡಿಯುವ ಅನಿಲದ ಶಾಖ 1,400 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ಬ್ಲೇಡ್‌ ಮಾಡಿದ ಲೋಹ ಕರಗೋದೇ ಅದಕ್ಕಿಂತ ಕಡಿಮೆ ಶಾಖದಲ್ಲಿ! ಹಾಗಿದ್ದೂ ಅದು ಕರಗಬಾರದು, ಎಳೆದ ಹಾಗೆ ಉದ್ದವಾಗಬಾರದು. ಅದಕ್ಕೆ ಇಡೀ ಬ್ಲೇಡ್‌ ಅನ್ನು ಒಂದೇ ಹರಳಿನ ಹಾಗೆ ಬೆಳೆಸಿ, ಒಳಗೆ ತಂಪು ಗಾಳಿ ಹರಿಯಲು ಸಣ್ಣ ಸಣ್ಣ ರಂಧ್ರ ಇಡ್ತಾರೆ. ಈ ವಿದ್ಯೆ ಪೂರ್ತಿ ಬಲ್ಲ ದೇಶಗಳು ಬೆರಳೆಣಿಕೆಯಷ್ಟು. ಅವು ಯಾರಿಗೂ ಹೇಳಿಕೊಡುವುದಿಲ್ಲ.

ತೇಜಸ್‌: ಮತ್ತದೇ ತಿರುವು

1983ರಲ್ಲಿ ಹಗುರ ಯುದ್ಧವಿಮಾನ ಯೋಜನೆಗೆ ಒಪ್ಪಿಗೆ ಸಿಕ್ಕಿತು. ವಿಮಾನದ ಜೊತೆಗೆ ಎಂಜಿನ್‌ ಕೂಡ ನಮ್ಮದೇ ಇರಲಿ ಅಂತ 1989ರಲ್ಲಿ ಕಾವೇರಿ ಎಂಜಿನ್‌ ಯೋಜನೆ ಶುರುವಾಯಿತು. ಹೊಣೆ ಹೊತ್ತದ್ದು ಬೆಂಗಳೂರಿನ ಜಿಟಿಆರ್‌ಇ, ಅಂದರೆ ಗ್ಯಾಸ್‌ ಟರ್ಬೈನ್‌ ಸಂಶೋಧನಾ ಸಂಸ್ಥೆ. ಕಾವೇರಿ ಬರುವತನಕ ಪರೀಕ್ಷಾ ಹಾರಾಟಕ್ಕೆ ಅಮೆರಿಕದ ಜಿಇ ಕಂಪನಿಯ ಎಫ್‌-404 ಎಂಜಿನ್‌ ಇರಲಿ ಅಂತ ತೀರ್ಮಾನವಾಗಿತ್ತು.

1998ರಲ್ಲಿ ಪೋಖ್ರಾನ್‌ ಅಣುಪರೀಕ್ಷೆ ಆಯಿತು. ಅಮೆರಿಕ ನಿರ್ಬಂಧ ಹೇರಿತು. ಅಲ್ಲಿ ವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರ್‌ಗಳು ಅರ್ಧಕ್ಕೇ ವಾಪಸ್‌ ಬರಬೇಕಾಯಿತು. ಬಂದವರು ಬೆಂಗಳೂರಲ್ಲಿ ಕೂತು ಉಳಿದದ್ದನ್ನು ತಾವೇ ಮುಗಿಸಿದರು. 2001ರ ಜನವರಿ 4ರಂದು ವಿಂಗ್‌ ಕಮಾಂಡರ್‌ ರಾಜೀವ್‌ ಕೋಠಿಯಾಲ್‌, ಮಾರುತ್‌ ಹಾರಿದ ಅದೇ ಎಚ್‌ಎಎಲ್‌ ರನ್‌ವೇಯಿಂದ ತೇಜಸ್‌ ಅನ್ನು ಹಾರಿಸಿದರು. ಅಲ್ಲಿಂದ 2024ರವರೆಗೆ, ಇಪ್ಪತ್ತಮೂರು ವರ್ಷ, ಒಂದೂ ತೇಜಸ್‌ ಬೀಳಲಿಲ್ಲ. ಯುದ್ಧವಿಮಾನಗಳ ಇತಿಹಾಸದಲ್ಲಿ ಇದು ಸಣ್ಣ ಮಾತಲ್ಲ.

ಕಾವೇರಿ ಮಾತ್ರ ಹರಿದು ಬರಲಿಲ್ಲ. ಗುರಿ ಇದ್ದದ್ದು 81 ಕಿಲೊನ್ಯೂಟನ್‌ ಬಲ. ಅಷ್ಟು ಬರಲಿಲ್ಲ, ತೂಕವೂ ಹೆಚ್ಚಾಯಿತು. ಎತ್ತರದಲ್ಲಿ ಎಂಜಿನ್‌ ಹೇಗೆ ವರ್ತಿಸುತ್ತೆ ಅಂತ ನೋಡುವ ಸೌಲಭ್ಯ ನಮ್ಮಲ್ಲಿ ಇರಲಿಲ್ಲ. ಅದಕ್ಕಾಗಿ ರಷ್ಯಾಕ್ಕೆ ಹೊತ್ತುಕೊಂಡು ಹೋಗಬೇಕಾಯಿತು. 2008ರಲ್ಲಿ ಕಾವೇರಿಯನ್ನು ತೇಜಸ್‌ನಿಂದ ಬೇರ್ಪಡಿಸಿದರು. ತಾತ್ಕಾಲಿಕ ಅಂತ ತಂದಿದ್ದ ಎಫ್‌-404 ಕಾಯಂ ಆಯಿತು.

ಈಗ ಬರೋದು ನನಗೆ ತುಂಬಾ ಬೇಸರ ತರುವ ಭಾಗ. ಜಿಇ ನಮಗೆ ಕೊಡಬೇಕಿದ್ದ 65 ಎಂಜಿನ್‌ಗಳನ್ನು 2016ರಲ್ಲಿ ಕೊಟ್ಟು ಮುಗಿಸಿತು. ಮುಂದಿನ ಆರ್ಡರ್‌ ಇಲ್ಲ. ಹಾಗಾಗಿ ಆ ಮಾದರಿಯ ತಯಾರಿಕೆಯನ್ನೇ ನಿಲ್ಲಿಸಿಬಿಟ್ಟಿತು. 2021ರ ಫೆಬ್ರುವರಿಯಲ್ಲಿ, ಯಲಹಂಕದ ಏರೋ ಇಂಡಿಯಾದಲ್ಲಿ, 83 ತೇಜಸ್‌ ಮಾರ್ಕ್‌-1ಎ ಖರೀದಿಗೆ ಸರ್ಕಾರ ಒಪ್ಪಂದ ಮಾಡಿಕೊಂಡಿತು. ಅವುಗಳಿಗೆ 99 ಎಂಜಿನ್‌ ಬೇಕು ಅಂತ ಜಿಇಗೆ ಆರ್ಡರ್‌ ಹೋದದ್ದು ಅದೇ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಐದು ವರ್ಷ ಆಗಿತ್ತು. ನಿಂತ ಲೈನ್‌ ಮತ್ತೆ ಎಬ್ಬಿಸಬೇಕು, ಬಿಡಿಭಾಗ ಕೊಡುವವರನ್ನು ಮತ್ತೆ ಹುಡುಕಬೇಕು, ಕೋವಿಡ್‌ ನಂತರದ ಗೊಂದಲ ಬೇರೆ. ಮೊದಲ ಎಂಜಿನ್‌ ಬಂದದ್ದು 2025ರ ಮಾರ್ಚ್‌ನಲ್ಲಿ. 2024ರಲ್ಲೇ ವಾಯುಪಡೆ ಸೇರಬೇಕಿದ್ದ ಮಾರ್ಕ್‌-1ಎ, 2025 ಮುಗಿಯುವ ಹೊತ್ತಿಗೂ ಒಂದೂ ಹಸ್ತಾಂತರವಾಗಿರಲಿಲ್ಲ.

ಎಲ್ಲ ತಪ್ಪನ್ನೂ ಎಂಜಿನ್‌ ಮೇಲೆ ಹಾಕೋದು ನ್ಯಾಯ ಅಲ್ಲ. ಸಾಫ್ಟ್‌ವೇರ್‌, ಕ್ಷಿಪಣಿ ಪರೀಕ್ಷೆಗಳೂ ತಡವಾದವು. 2025ರ ಏರೋ ಇಂಡಿಯಾದಲ್ಲಿ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್‌ ಅವರು ಎಚ್‌ಎಎಲ್‌ ಮೇಲೆ ತಮ್ಮ ಅಸಮಾಧಾನವನ್ನು ಎಲ್ಲರೆದುರೇ ತೋಡಿಕೊಂಡರು. ಹೊರಗಿಂದ ಕೊಳ್ಳೋದೂ ಸಲೀಸಾಗಿರಲಿಲ್ಲ. 126 ವಿಮಾನಕ್ಕೆ 2007ರಲ್ಲಿ ಕರೆದ ಟೆಂಡರ್‌, ಎಂಟು ವರ್ಷ ಎಳೆದಾಡಿ 2015ರಲ್ಲಿ ರದ್ದಾಯಿತು. ಆಮೇಲೆ ಬಂದದ್ದು 36 ರಫೇಲ್‌.

ಹಾಗಾದ್ರೆ ಏನು ಮಾಡ್ಬೇಕು?

ಒಂದು ಮಾತು ಸ್ಪಷ್ಟ ಮಾಡ್ತೀನಿ. ಪರದೇಶದ ಎಂಜಿನ್‌ ಹಾಕಿದ ಮಾತ್ರಕ್ಕೆ ವಿಮಾನ ನಮ್ಮದಲ್ಲ ಅಂತ ಹೀಯಾಳಿಸೋದು ತಪ್ಪು. ಸ್ವೀಡನ್‌ನ ಗ್ರಿಪೆನ್‌, ದಕ್ಷಿಣ ಕೊರಿಯಾದ ಹೊಸ ಕೆಎಫ್‌-21 ಎರಡಕ್ಕೂ ಅಮೆರಿಕದ ಜಿಇ ಎಂಜಿನ್ನೇ. ಯಾರೂ ಅವರನ್ನು ನಗೋದಿಲ್ಲ.

ಆದರೆ ಎರವಲು ಎತ್ತು ಕಟ್ಟುವವನು ಎರಡು ಕೆಲಸ ಮಾಡಬೇಕು. ಒಂದು, ಎತ್ತಿನ ಯಜಮಾನನಿಗೆ ಬಿತ್ತನೆಗೆ ಮುಂಚೆಯೇ ಹೇಳಿಟ್ಟಿರಬೇಕು. 2016ರಿಂದ 2021ರವರೆಗೆ ನಾವು ಅದನ್ನೇ ಮಾಡಲಿಲ್ಲ. ಎರಡು, ಮನೆಯ ಕೊಟ್ಟಿಗೆಯಲ್ಲಿ ಕರು ಬೆಳೆಸ್ತಾ ಇರಬೇಕು. ಕರು ನಾಳೆಯೇ ಉಳೋದಿಲ್ಲ ಅಂತ ಮೇವು ನಿಲ್ಲಿಸಬಾರದು.

ಚೀನಾ ಮಾಡಿದ್ದು ಎರಡನೆಯದನ್ನು. ಅವರ ಜೆ-10 ಮತ್ತು ಆರಂಭದ ಜೆ-20 ಹಾರಿದ್ದು ರಷ್ಯಾದ ಎಂಜಿನ್‌ ಮೇಲೆ. ಅವರ ಸ್ವಂತ ಡಬ್ಲ್ಯುಎಸ್‌-10 ಎಂಜಿನ್‌ ವರ್ಷಾನುಗಟ್ಟಲೆ ಕೈಕೊಟ್ಟಿತು. ಅವರು ದುಡ್ಡು ಸುರಿಯೋದನ್ನು ನಿಲ್ಲಿಸಲಿಲ್ಲ. ಇವತ್ತು ಅದೇ ಎಂಜಿನ್‌ ಅವರ ವಿಮಾನಗಳಲ್ಲಿದೆ. ನಾವು? ಆರ್ಫಿಯಸ್‌ಗೆ ಹಣ ಹಾಕಲಿಲ್ಲ. ಕಾವೇರಿಯನ್ನು ಗುರಿ ಮುಟ್ಟಿಸದೇ ದೂರ ಇಟ್ಟೆವು. ಅದರ ಒಂದು ರೂಪವನ್ನು ಈಗ ಪೈಲಟ್‌ ಇಲ್ಲದ ವಿಮಾನಗಳಿಗಾಗಿ ಪಳಗಿಸುತ್ತಿದ್ದಾರೆ.

ಈಗ ಮತ್ತೊಂದು ಅವಕಾಶ ಬಂದಿದೆ. 2025ರ ಆಗಸ್ಟ್‌ 15ರಂದು ಕೆಂಪುಕೋಟೆಯಿಂದ ಪ್ರಧಾನಿ, ಜೆಟ್‌ ಎಂಜಿನ್‌ ನಮ್ಮದೇ ಆಗಬೇಕು ಅಂದರು. ಮುಂದಿನ ಪೀಳಿಗೆಯ ಎಎಂಸಿಎ ವಿಮಾನಕ್ಕೆ ಫ್ರಾನ್ಸ್‌ನ ಸಾಫ್ರಾನ್‌ ಜೊತೆ ಸೇರಿ ಎಂಜಿನ್‌ ಅಭಿವೃದ್ಧಿಪಡಿಸುವ ಹೆಜ್ಜೆ ಇಟ್ಟಿದ್ದೇವೆ. ಅದೇ ಸೆಪ್ಟೆಂಬರ್‌ನಲ್ಲಿ ಇನ್ನೂ 97 ತೇಜಸ್‌ಗೆ ಆರ್ಡರ್‌ ಆಯಿತು, ನವೆಂಬರ್‌ನಲ್ಲಿ ಅವಕ್ಕೆ ಬೇಕಾದ 113 ಎಂಜಿನ್‌ಗೂ ಆಯಿತು. ನೋಡಿ, ಈ ಸಲ ನಡುವೆ ಎರಡೇ ತಿಂಗಳು. ಪಾಠ ಸ್ವಲ್ಪವಾದರೂ ತಲೆಗೆ ಹೋದಂತಿದೆ.

ಅದೇ ನವೆಂಬರ್‌ 21ರಂದು ದುಬೈ ಏರ್‌ಶೋನಲ್ಲಿ ಒಂದು ತೇಜಸ್‌ ಬಿದ್ದು ವಿಂಗ್‌ ಕಮಾಂಡರ್‌ ನಮಾಂಶ್‌ ಸ್ಯಾಲ್‌ ತೀರಿಕೊಂಡರು. ಮರುಗಳಿಗೆಯಿಂದಲೇ ಸೋಷಿಯಲ್‌ ಮೀಡಿಯಾದಲ್ಲಿ, ಈ ವಿಮಾನ ಸಾಕು, ನಿಲ್ಲಿಸಿ ಅನ್ನುವವರ ಗದ್ದಲ. ಪೈಲಟ್‌ ಸತ್ತ ದುಃಖ ದೊಡ್ಡದು, ತನಿಖೆ ಆಗಲೇಬೇಕು. ಆದರೆ ಕಷ್ಟ ಬಂದಾಗ ಕೈಬಿಟ್ಟು ಏನಾಯಿತು ಅಂತ ನಮಗೆ ಮಾರುತ್‌ ಒಂದು ಸಲ ತೋರಿಸಿಕೊಟ್ಟಿದೆ. ಆ ಜಾಗ ತುಂಬಲು ಮತ್ತೆ ಮೂವತ್ತು ವರ್ಷ ಹಿಡಿಯಿತು.

ಮುಂದಿನ ಸಲ ಸುರಂಜನ್‌ ದಾಸ್‌ ರಸ್ತೆಯಲ್ಲಿ ಸಿಗ್ನಲ್‌ ಬಿದ್ದಾಗ ಕಿವಿಗೊಡಿ. ಹಾರ್ನ್‌ಗಳ ಮೇಲಿಂದ, ಎಚ್‌ಎಎಲ್‌ ಕಡೆಯಿಂದ, ಒಂದೊಂದು ಸಲ ತೇಜಸ್‌ ಏರುವ ಸದ್ದು ಕೇಳಿಸುತ್ತೆ. ಆ ಸದ್ದು ಇನ್ನೂ ಅಮೆರಿಕದ ಎಂಜಿನ್‌ದು. ದಾಸ್‌ ಹುಡುಕುತ್ತಾ ಹೋದ ಎಂಜಿನ್‌ ಇನ್ನೂ ಬಂದಿಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಎಚ್‌ಎಎಲ್‌ನಲ್ಲೋ ವಾಯುಪಡೆಯಲ್ಲೋ ಕೆಲಸ ಮಾಡಿದ ಹಿರಿಯರಿದ್ದರೆ ಅವರಿಗೆ ಇದನ್ನು ಕೇಳಿಸಿ, ಅವರ ಕಥೆ ನಮಗೆ ಬರೆದು ಕಳಿಸಿ.